ಎರಡು ಸಾಲಿನ ಲೇಖಕಿ

ಆಗ ನಾನು ಬಸವೇಶ್ವರನಗರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಹೊಸ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಅಂತರ್ಜಾಲದ ಕನ್ನಡ ವಿಶ್ವಕೋಶಕ್ಕೆ ಲೇಖನ ಬರೆಯುವುದು ಹೇಗೆಂದು ಹೇಳಿಕೊಡಲು ಒಬ್ಬರು ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಬಂದರು. ನಿವೃತ್ತ ಎಂಜಿನಿಯರು, ಸಂಬಳವಿಲ್ಲದ ಕೆಲಸವನ್ನು ಸಂಬಳದ ಕೆಲಸಕ್ಕಿಂತ ಶಿಸ್ತಾಗಿ ಮಾಡುವ ಬಗೆಯವರು. ಇಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಆದರೆ ಬರೆದ ಮಾತಿಗೆಲ್ಲ ಅಚ್ಚಾದ ಆಧಾರ ಇರಬೇಕು ಎಂದು ವಿವರಿಸಿದರು. ಆಮೇಲೆ, ನಿಮಗೆ ಇಷ್ಟವಾದವರ ಹೆಸರು ಹಾಕಿ ಹುಡುಕಿ ನೋಡಿ ಎಂದರು.

ಪಕ್ಕದ ಮೇಷ್ಟ್ರು ಒಬ್ಬ ನಟನ ಹೆಸರು ಹಾಕಿದರು. ನಾನು ಒಬ್ಬ ಲೇಖಕಿಯ ಹೆಸರನ್ನು ಹಾಕಿದೆ. ಬಾಲ್ಯದುದ್ದಕ್ಕೂ ನಮ್ಮ ಮನೆಯ ಗೂಡಿನಲ್ಲಿದ್ದ ಒಂದು ಪುಸ್ತಕದ ಮೇಲೆ ನೋಡಿದ ಹೆಸರು ಅದು.

ಲೇಖನ ಇತ್ತು. ಎರಡೇ ಸಾಲು. ಈಕೆ ಕನ್ನಡದ ಲೇಖಕಿ ಎಂದು ಒಂದು ಸಾಲು, ಮಕ್ಕಳ ಪುಸ್ತಕಗಳನ್ನು ಬರೆದಿದ್ದಾರೆ ಎಂದು ಇನ್ನೊಂದು. ಎರಡನೆಯದು ತಪ್ಪು. ಆಕೆ ಬರೆದದ್ದು ಮಕ್ಕಳಿಗಾಗಿ ಅಲ್ಲ. ಹುಟ್ಟು ಕಿವುಡಾದ ಮಗುವನ್ನು ಮನೆಯಲ್ಲಿ ಬೆಳೆಸುವುದು ಹೇಗೆ ಎಂದು ತಾಯಂದಿರಿಗಾಗಿ ಬರೆದರು. ಆ ಎರಡು ಸಾಲಿನ ಮೇಲೆ ಒಂದು ಚೌಕದೊಳಗೆ ಸೂಚನೆ ಹಾಕಿತ್ತು: ಈ ವ್ಯಕ್ತಿಗೆ ಸಾಕಷ್ಟು ಮಹತ್ವ ಇದ್ದಂತೆ ಕಾಣುವುದಿಲ್ಲ, ಲೇಖನವನ್ನು ಅಳಿಸುವ ಪ್ರಸ್ತಾಪವಿದೆ.

ನಾನು ಅದನ್ನೇ ನೋಡುತ್ತ ಕುಳಿತದ್ದು ಕಂಡು ಎಂಜಿನಿಯರು ಹತ್ತಿರ ಬಂದರು. "ನಾನೇ ಹಾಕಿದ್ದು ಮೇಡಂ. ಇವರು ಯಾರಿಗೂ ಗೊತ್ತಿಲ್ಲ. ಒಂದೂ ಆಧಾರ ಇಲ್ಲ."

"ನಮ್ಮನೇಲಿ ಗೊತ್ತು ಸಾರ್."

"ಮನೇಲಿ ಗೊತ್ತಿರೋದು ಆಧಾರ ಆಗಲ್ವಲ್ಲ" ಎಂದರು. ಕುಹಕವೇನೂ ಇರಲಿಲ್ಲ ಆ ಮಾತಿನಲ್ಲಿ. "ಏನಾದ್ರೂ ಸಿಕ್ಕಿದ್ರೆ ಸೇರ್ಸಿ. ಅಲ್ಲೀವರ್ಗೂ ಅಳ್ಸಲ್ಲ, ಕಾಯ್ತೀನಿ."

ಹೀಗೆ ಆ ಕೆಲಸ ನನ್ನ ಕೈಗೆ ಬಂತು.

ನಮ್ಮ ಮನೆ ಇದ್ದದ್ದು ವಿಜಯನಗರದಲ್ಲಿ. ಅಪ್ಪ ಮಾಗಡಿ ರಸ್ತೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ನನ್ನ ತಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾಗುವಾಗ ಅವನು ನಡೆಯಲು ಕಲಿತಾಗಿತ್ತು. ಅಡುಗೆಮನೆಯಲ್ಲಿ ಹಿತ್ತಾಳೆ ಕೊಳಗ ಅಟ್ಟದಿಂದ ಬಿದ್ದು ನಾವೆಲ್ಲ ಬೆಚ್ಚಿದಾಗ, ಬೆನ್ನು ತಿರುಗಿಸಿ ಕೂತಿದ್ದ ಮಗು ತಲೆ ಎತ್ತಲಿಲ್ಲ. ಆಮೇಲೆ ಆಸ್ಪತ್ರೆ, ಹರಕೆ, ಕಿವಿಗೆ ಎಣ್ಣೆ, ಎಲ್ಲವೂ ಆಯಿತು. ಕೊನೆಗೆ ಯಾರೋ ನರ್ಸು ಅಮ್ಮನಿಗೆ ಆ ಪುಸ್ತಕ ಕೊಟ್ಟರು.

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಬೆರಳಿಟ್ಟು ಓದುತ್ತಿದ್ದಳು. ಆದರೆ ಆ ಪುಸ್ತಕವನ್ನು ಪಕ್ಕದಲ್ಲಿ ಕೂತು ಯಾರೋ ಹೇಳಿದಂತೆ ಬರೆದಿದ್ದರು. ಒಂದೂ ಕಠಿಣ ಪದ ಇರಲಿಲ್ಲ. ಕನ್ನಡಿಯ ಮುಂದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಅದರ ಕೈಯನ್ನು ನಿಮ್ಮ ಗಂಟಲ ಮೇಲಿಟ್ಟುಕೊಂಡು ಮಾತಾಡಿ, ಅದುರುವುದು ಅದಕ್ಕೆ ತಿಳಿಯಲಿ. ಪಕಾರಕ್ಕೆ ತುಟಿಯ ಮುಂದೆ ಕಾಗದದ ಚೂರು ಹಿಡಿಯಿರಿ, ಮಕಾರಕ್ಕೆ ಮೂಗನ್ನು ಮುಟ್ಟಿಸಿ, ಕಕಾರಕ್ಕೆ ಗಂಟಲಲ್ಲಿ ನೀರು ಮುಕ್ಕಳಿಸುವುದನ್ನು ಕಲಿಸಿ. ಇಂಥ ಮಾತುಗಳು. ಅಮ್ಮ ಬೆಳಿಗ್ಗೆ ಕೆಲಸ ಮುಗಿಸಿ ಅವನನ್ನು ಕೂರಿಸಿಕೊಂಡರೆ ಬಿಸಿಲು ನಡುಮನೆಯಿಂದ ಅಂಗಳಕ್ಕೆ ಸರಿಯುವವರೆಗೂ ಏಳುತ್ತಿರಲಿಲ್ಲ.

ಆ ಪುಸ್ತಕದಲ್ಲಿ ಇನ್ನೊಂದು ಮಾತೂ ಇತ್ತು. ಮಗು ಕೈಸನ್ನೆ ಮಾಡಿದರೆ ಉತ್ತರ ಕೊಡಬೇಡಿ. ಸನ್ನೆಗೆ ಬಯಸಿದ್ದು ಸಿಕ್ಕಿಬಿಟ್ಟರೆ ಅದು ಮಾತಿಗೆ ಎಂದೂ ಬರುವುದಿಲ್ಲ. ಅಮ್ಮ ಅದನ್ನೂ ಪಾಲಿಸಿದಳು. ತಮ್ಮ ನೀರಿನ ಕೊಡದ ಕಡೆಗೆ ಕೈ ತೋರಿಸಿ ನಿಂತಿರುತ್ತಿದ್ದ. ಅಮ್ಮ ಲೋಟದಲ್ಲಿ ನೀರು ತುಂಬಿ ಕೈಯಲ್ಲಿ ಹಿಡಿದು, ಬಾಯಿ ತೋರಿಸಿಕೊಂಡು "ನೀರು, ನೀರು" ಎನ್ನುತ್ತ ನಿಂತಿರುತ್ತಿದ್ದಳು. ಇಬ್ಬರ ಕಣ್ಣಲ್ಲೂ ನೀರು. ಪಾಠದ ಹೊತ್ತಿಗೆ ಕೈ ಕಟ್ಟಿಡಿ ಎಂದೂ ಅದರಲ್ಲಿತ್ತು. ಅವನ ಕೈಗಳನ್ನು ಹಳೆಯ ಲಂಗದ ಲಾಡಿಯಿಂದ ಮಡಿಲಲ್ಲಿ ಕಟ್ಟುತ್ತಿದ್ದಳು. ಬಿಗಿಯಾಗಿ ಅಲ್ಲ. ಆದರೂ ಕಟ್ಟುತ್ತಿದ್ದಳು.

ಅವನಿಗೆ ಮಾತು ಬಂತು. ಏರಿಳಿತವಿಲ್ಲದ, ಕೆಲವು ಅಕ್ಷರ ನುಂಗಿದ ಮಾತು. ಬಸ್ಸಿನಲ್ಲಿ ಅವನನ್ನು ಯಾವುದೋ ಬೇರೆ ರಾಜ್ಯದವನೆಂದುಕೊಳ್ಳುತ್ತಾರೆ. ಆದರೆ ಮಾತು. ಸಾಮಾನ್ಯರ ಶಾಲೆಯಲ್ಲಿ ಓದಿದ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಪ್ರೆಸ್ಸಿನಲ್ಲಿ ಆಫ್‌ಸೆಟ್ ಯಂತ್ರದ ಕೆಲಸಕ್ಕೆ ಸೇರಿದ. ಅಲ್ಲಿ ಇನ್ನೂ ಕೆಲವರು ಕಿವುಡರಿದ್ದರು. ಅವರಿಂದ ಸನ್ನೆ ಭಾಷೆ ಕಲಿತ. ಅಮ್ಮನ ಎದುರಿಗೆ ಮಾತ್ರ ಅವನ ಕೈ ಏಳುತ್ತಿರಲಿಲ್ಲ. ಗೆಳೆಯರು ಮನೆಗೆ ಬಂದರೆ ರಸ್ತೆಯಲ್ಲೇ ನಿಂತು ಮಾತಾಡಿ ಕಳಿಸುತ್ತಿದ್ದ. ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು.

ಆಧಾರ ಹುಡುಕುವುದು ನಾನಂದುಕೊಂಡಷ್ಟು ಸುಲಭವಾಗಿರಲಿಲ್ಲ. ಪ್ರಕಾಶಕರ ಅಂಗಡಿ ಇದ್ದ ಕಡೆ ಈಗ ಮೊಬೈಲ್ ಮಾರುತ್ತಿದ್ದರು. ಕಬ್ಬನ್ ಪಾರ್ಕಿನ ಗ್ರಂಥಾಲಯಕ್ಕೆ ಹೋಗಿ ಹಳೆಯ ವಾರಪತ್ರಿಕೆಗಳ ಸಂಪುಟಗಳನ್ನು ತಿರುವಿದೆ. ಪುಸ್ತಕದ ವಿಮರ್ಶೆ ಎರಡು ಕಡೆ ಸಿಕ್ಕಿತು. ಮಹಿಳಾ ಸಂಘವೊಂದು ಆಕೆಯನ್ನು ಸನ್ಮಾನಿಸಿದ ಸುದ್ದಿ ಒಂದು ಕಡೆ. ಲೇಖನ ಉಳಿಸಿಕೊಳ್ಳಲು ಅಷ್ಟು ಸಾಕು ಎಂದು ಎಂಜಿನಿಯರು ಫೋನಿನಲ್ಲಿ ಹೇಳಿದರು. ಆದರೆ ಹುಟ್ಟಿದ್ದು ಎಲ್ಲಿ, ಓದಿದ್ದು ಏನು, ಬದುಕಿದ್ದಾರೋ ಇಲ್ಲವೋ ಯಾವುದೂ ನನಗೆ ಗೊತ್ತಿರಲಿಲ್ಲ. ಪುಸ್ತಕದ ಒಳಪುಟದಲ್ಲಿ ರಾಜಾಜಿನಗರದ ವಿಳಾಸವಿತ್ತು. ಒಂದು ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೊರಟೆ.

ಮೆಟ್ರೊ ಕೆಲಸಕ್ಕೆ ದೊಡ್ಡ ರಸ್ತೆಯನ್ನು ಅಗೆದಿದ್ದರು, ತಗಡಿನ ಗೋಡೆಯ ಪಕ್ಕದಲ್ಲೇ ದಾರಿ. ಒಳರಸ್ತೆಗೆ ತಿರುಗಿದರೆ ಹಳೆಯ ರಾಜಾಜಿನಗರ ಹಾಗೆಯೇ ಇತ್ತು. ಆ ವಿಳಾಸದಲ್ಲಿದ್ದದ್ದು ಒಂದು ಹಳೆಯ ಹೆಂಚಿನ ಮನೆ, ಮುಂದೆ ಸೀಬೆ ಗಿಡ. ಬೆಲ್ ಒತ್ತಿದೆ. ಸದ್ದಾಗಲಿಲ್ಲ. ಕಿಟಕಿಯ ಹಿಂದೆ ಒಂದು ದೀಪ ಹೊತ್ತಿ ಆರಿತು. ಮತ್ತೆ ಒತ್ತಿದೆ, ಮತ್ತೆ ದೀಪ. ನಾನು ಅದರ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು.

ಬಂದವರು ಐವತ್ತು ದಾಟಿದ ಹೆಂಗಸು. ಕನ್ನಡಕ, ಇಸ್ತ್ರಿ ಮಾಡಿದ ಕಾಟನ್ ಸೀರೆ. ನಾನು ತಮ್ಮನೊಡನೆ ಮಾತಾಡುವ ಅಭ್ಯಾಸದಲ್ಲೇ ಮುಖ ಎತ್ತಿ, ಬೆಳಕಿಗೆ ತಿರುಗಿ, ತುಟಿ ಬಿಡಿಸಿ ಲೇಖಕಿಯ ಹೆಸರು ಹೇಳಿದೆ. ಅವರು ನನ್ನ ತುಟಿಯನ್ನೇ ನೋಡಿ, ಬಾಗಿಲ ಪಕ್ಕ ನೇತುಹಾಕಿದ್ದ ಸ್ಲೇಟು ತೆಗೆದು ಬರೆದರು: "ಅಮ್ಮ ತೀರಿಕೊಂಡಿದ್ದಾರೆ. ನಿಮ್ಮ ಮನೆಯಲ್ಲಿ ಯಾರಿಗೆ ಕಿವಿ ಕೇಳಿಸುವುದಿಲ್ಲ?"

"ನನ್ ತಮ್ಮಂಗೆ" ಎಂದೆ. ಒಳಗೆ ಕರೆದರು.

ಪುಸ್ತಕದಲ್ಲಿ ಎಲ್ಲಿಯೂ ಲೇಖಕಿ ತನ್ನ ಮಗಳ ವಿಷಯ ಬರೆದಿರಲಿಲ್ಲ. ಉದ್ದಕ್ಕೂ ಬರುತ್ತಿದ್ದದ್ದು 'ಒಂದು ಮಗು'. ಅದು ಈ ಅಕ್ಕನೇ. ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಅವರಿಗೂ ಮಾತು ಬರುತ್ತಿತ್ತು. ಆದರೆ ಒಮ್ಮೆ ಬಸ್ಸಿನಲ್ಲಿ ಅವರ ದನಿ ಕೇಳಿ ಹುಡುಗರು ಅಣಕಿಸಿದ್ದನ್ನು ನೋಡಿದ ಮೇಲೆ ಹೊರಗಿನವರ ಮುಂದೆ ಬಾಯಿ ತೆರೆಯುವುದನ್ನು ಬಿಟ್ಟಿದ್ದರು. ನಾನು ಮಾತಾಡಿದೆ, ಅವರು ಬರೆದರು. ಸ್ಲೇಟು ತುಂಬಿದಂತೆಲ್ಲ ಒರೆಸಿ ಮತ್ತೆ ಬರೆದರು. ಹುಟ್ಟಿದ ಊರು, ಓದು, ಮದುವೆ ಎಲ್ಲವೂ ಸಿಕ್ಕಿತು.

ಹೊರಡುವ ಹೊತ್ತಿಗೆ, ಆ ಪುಸ್ತಕದಿಂದಲೇ ನನ್ನ ತಮ್ಮನಿಗೆ ಮಾತು ಬಂತು ಎಂದು ಹೇಳಿದೆ. ಅವರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವರು ಸ್ಲೇಟನ್ನು ಒರೆಸಿದರು. ಆಮೇಲೆ ಬರೆದರು: "ಅವನ ಕೈ ಕಟ್ಟುತ್ತಿದ್ದರಾ?"

ನಾನು ಹೌದೆಂದು ತಲೆಯಾಡಿಸಿದೆ.

"ನನ್ನದೂ."

ಆಮೇಲೆ ಅವರು ಬರೆದದ್ದನ್ನು ನಾನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ. ಅವರ ತಂದೆ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. ಮೂಗು ಬಾಯಿಗೆ ಆಮ್ಲಜನಕದ ಮುಖವಾಡ. ತಂದೆ ಮಗಳ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದರು, ತುಟಿ ಕಾಣುತ್ತಿರಲಿಲ್ಲ. ಮಗಳು ತಾಯಿಯ ಕಡೆ ತಿರುಗಿ ಏನಂತೆ ಎಂದು ಕೇಳಿದರು. ತಾಯಿ ಅಳುತ್ತಿದ್ದರು. ಹೇಳಿದರು, ಮತ್ತೆ ಹೇಳಿದರು, ಆದರೆ ಅಳುವವರ ತುಟಿಯನ್ನು ಓದಲು ಆಗುವುದಿಲ್ಲ, ಆಕಾರ ಕೆಟ್ಟುಹೋಗುತ್ತದೆ. ತಂದೆ ಹೋದರು. ಅಷ್ಟು ವರ್ಷ ಎಷ್ಟೋ ತಾಯಂದಿರಿಗೆ ದಾರಿ ತೋರಿಸಿದ ಲೇಖಕಿ ಗಂಡನ ಕೊನೆಯ ಮಾತನ್ನು ಮಗಳಿಗೆ ದಾಟಿಸಲಾಗದೆ ನಿಂತಿದ್ದರು. ತಿಥಿಯ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ಮಗಳ ಎದುರಿಗೆ ಬಂದು ಕೂತು, ನೀನು ಗೆಳತಿಯರ ಜೊತೆ ಕೈಯಲ್ಲಿ ಮಾತಾಡುತ್ತೀಯಲ್ಲ, ಅದನ್ನು ನನಗೆ ಕಲಿಸು ಎಂದರಂತೆ. ಆಗ ಅವರಿಗೆ ಅರವತ್ತು ದಾಟಿತ್ತು. ಪುಸ್ತಕದ ಆ ಅಧ್ಯಾಯವನ್ನು ಬದಲಿಸಿ ಬರೆಯಬೇಕೆಂದು ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಪ್ರಕಾಶಕರು ಅಂಗಡಿ ಮುಚ್ಚಿದ್ದರು, ಬೇರೆಯವರನ್ನು ಹುಡುಕಬೇಕು ಎನ್ನುವಷ್ಟರಲ್ಲಿ ಆರೋಗ್ಯ ಕೆಟ್ಟಿತು.

"ಇದನ್ನು ಬರೆಯುತ್ತೀರಾ?" ಎಂದು ಸ್ಲೇಟಿನಲ್ಲಿ ಕೇಳಿದರು. ಬರೆಯುತ್ತೇನೆ ಎಂದೆ.

ಮನೆಗೆ ಬಂದು ಮೊದಲು ತಮ್ಮನಿಗೆ ಹೇಳಿದೆ. ಅವನು ನನ್ನ ತುಟಿ ನೋಡಿ ಎಲ್ಲ ತಿಳಿದುಕೊಂಡು, "ಅಮ್ಮಂಗೆ ಹೇಳ್ಬೇಡ ಅಕ್ಕ" ಎಂದ. "ಪಾಪ ಅವ್ಳಿಗೆ ಅದೊಂದೇ ಗೊತ್ತಿದ್ದಿದ್ದು."

ಆದರೆ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ನಡುಮನೆಯಲ್ಲಿ. ನಾನು ದಿನವೂ ಶಾಲೆಯಿಂದ ಬಂದು ಬರೆಯುತ್ತಿದ್ದೆ, ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಲೋ ಹೂ ಕಟ್ಟುತ್ತಲೋ ಕೂರುತ್ತಿದ್ದಳು. ಆ ಲೇಖಕಿಯ ಬಗ್ಗೆ ಎಂದು ಅವಳಿಗೆ ಗೊತ್ತಿತ್ತು. ಹೆಮ್ಮೆಯಿಂದ ಅಕ್ಕಪಕ್ಕದವರಿಗೂ ಹೇಳಿದ್ದಳು. ಒಂದು ಸಂಜೆ "ಎಷ್ಟಾಯ್ತೋ ಅಷ್ಟು ಓದು, ಕೇಳ್ತೀನಿ" ಎಂದಳು.

ಓದಿದೆ. ಆ ಭಾಗ ಬಂದಾಗ ದಾಟಿಸಿ ಮುಂದೆ ಹೋಗಬಹುದಿತ್ತು. ಆದರೆ ಅವಳು ಆ ಪುಸ್ತಕವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದವಳು. ಅವಳಿಂದ ಮುಚ್ಚಿಡುವ ಅಧಿಕಾರ ನನಗಿದೆ ಎನಿಸಲಿಲ್ಲ. ಪೂರ್ತಿ ಓದಿದೆ.

ಅಮ್ಮನ ಕೈ ನಿಂತಿತು. "ಬರ್ದೋರೇ ಬಿಟ್ಬಿಟ್ರಾ?" ಎಂದಳು.

"ಹೂಂ ಅಮ್ಮ."

"ನಮಗ್ಯಾಕೆ ಹೇಳ್ಲಿಲ್ಲ ಹಂಗಾದ್ರೆ?"

"ಹೇಳ್ಬೇಕು ಅಂತಾನೇ ಇದ್ರಂತೆ. ಆಗ್ಲಿಲ್ಲ."

ಅಮ್ಮ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. "ಅವ್ನ ಕೈ ಕಟ್ಬೇಕಾದ್ರೆ ನಂಗೆ ಮನಸ್ಸು ಒಪ್ತಿರ್ಲಿಲ್ಲ ಕಣೇ" ಎಂದಳು. "ಓದಿರೋರು ಬರ್ದಿದಾರೆ, ಅವ್ರಿಗಿಂತ ನಂಗೇನ್ ಗೊತ್ತು ಅಂತ ಕಟ್ದೆ."  

ಲೇಖನ ಹಾಕಿದ ಮರುದಿನವೇ ಎಂಜಿನಿಯರು ಫೋನ್ ಮಾಡಿದರು. ಅಳಿಸುವ ಸೂಚನೆಯನ್ನು ತೆಗೆದಿದ್ದರು, ಚೆನ್ನಾಗಿ ಬಂದಿದೆ ಎಂದೂ ಹೇಳಿದರು. "ಆದ್ರೆ ಮೇಡಂ, ಕೊನೇ ಪ್ಯಾರಾ ತೆಗೀಬೇಕಾಗತ್ತೆ. ಹುಟ್ಟಿದೂರು, ಓದು ಹೇಗೋ ಇರ್ಲಿ, ಅವರು ಮನಸ್ಸು ಬದಲಾಯಿಸಿದ್ರು ಅನ್ನೋದಕ್ಕೆ ಎಲ್ಲೂ ಅಚ್ಚಾದ ಆಧಾರ ಇಲ್ಲ."

"ಅವರ ಮಗಳೇ ಹೇಳಿದಾರೆ ಸಾರ್."

"ನಿಮಗೆ ಹೇಳಿದಾರೆ. ನಾಳೆ ಇನ್ಯಾರೋ ಬಂದು ನಂಗೆ ಬೇರೆ ಹೇಳಿದ್ರು ಅಂದ್ರೆ? ಸತ್ತೋರ ಬಗ್ಗೆ ನಾವು ಹುಷಾರಾಗಿರಬೇಕು."

ಅವರ ಮಾತು ಸರಿಯಾಗಿತ್ತು. ಅದೇ ಕಷ್ಟ. ಆ ಭಾಗವನ್ನು ನಾನೇ ತೆಗೆದೆ. ಉಳಿದ ಲೇಖನ ಓದಿದರೆ ಲೇಖಕಿ ಕೊನೆಯವರೆಗೂ ಕೈ ಕಟ್ಟಿಸುತ್ತಲೇ ಇದ್ದರು ಎಂದು ಅನಿಸುತ್ತಿತ್ತು. ಒಂದೂ ಸುಳ್ಳಿಲ್ಲ, ಆದರೂ ನಿಜವಲ್ಲ. ರಾಜಾಜಿನಗರದ ಅಕ್ಕನಿಗೆ ಎಸ್‌ಎಂಎಸ್ ಮಾಡಿ ಆದದ್ದನ್ನು ತಿಳಿಸಿದೆ. ಉತ್ತರ ಬರಲಿಲ್ಲ.

ಇದರ ಮಧ್ಯೆ ಒಂದು ದಿನ ಅಮ್ಮ, "ಅವ್ರ ಮಗಳ್ನ ನೋಡ್ಬೇಕು ನಾನು. ಕರ್ಕೊಂಡ್ ಹೋಗು" ಎಂದಳು. ತಮ್ಮನಿಗೂ ಬರಲು ಹೇಳಿದಳು. ಅಮ್ಮನಿಗೆ ಎಲ್ಲ ಗೊತ್ತಾಗಿದೆ ಎಂದು ಅವನಿಗೆ ಆಗಲೇ ತಿಳಿದದ್ದು. ನನ್ನ ಕಡೆ ನೋಡಿದ, ಬೈಯಲಿಲ್ಲ.

ಭಾನುವಾರ ಮೂವರೂ ಆಟೋದಲ್ಲಿ ಹೋದೆವು. ಅಮ್ಮ ರವೆ ಉಂಡೆ ಮಾಡಿ ಡಬ್ಬಿಗೆ ತುಂಬಿಕೊಂಡಿದ್ದಳು. ಅಕ್ಕ ಬಾಗಿಲು ತೆರೆದು ತಮ್ಮನನ್ನು ನೋಡಿದವರೇ ಕೈಯಲ್ಲಿ ಮಾತು ಶುರುಮಾಡಿದರು. ತಮ್ಮ ಅಮ್ಮನ ಕಡೆ ಒಮ್ಮೆ ನೋಡಿ, ಎದೆಯ ಹತ್ತಿರವೇ ಚಿಕ್ಕದಾಗಿ ಕೈಯಾಡಿಸಿ ಉತ್ತರಿಸಿದ.

ಎಲ್ಲರೂ ಕೂತ ಮೇಲೆ ಅಮ್ಮ ಏನೋ ಕೇಳಿದಳು. ಅಮ್ಮ ಹಲ್ಲು ಕಟ್ಟಿಸಿಕೊಂಡಿದ್ದಳು, ಅವಳ ತುಟಿ ಅಕ್ಕನಿಗೆ ತಿಳಿಯಲಿಲ್ಲ. ಅಮ್ಮನಿಗೆ ಸ್ಲೇಟಿನ ಮೇಲೆ ಕೂಡಿಸಿ ಬರೆದ ಅಕ್ಷರ ಅಷ್ಟು ಬೇಗ ಓದಲು ಬರುತ್ತಿರಲಿಲ್ಲ. ಅಮ್ಮನ ತುಟಿಯ ರೂಢಿಯಿದ್ದ ತಮ್ಮ ಕುರ್ಚಿಯನ್ನು ಇಬ್ಬರ ನಡುವೆ ಎಳೆದುಕೊಂಡ. ಅಮ್ಮ ಹೇಳಿದ್ದನ್ನು ಕೈಯಲ್ಲಿ ಅಕ್ಕನಿಗೆ, ಅಕ್ಕ ಹೇಳಿದ್ದನ್ನು ಬಾಯಲ್ಲಿ ಅಮ್ಮನಿಗೆ. ಅವನು ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಅವನ ಕೈ ಅಷ್ಟು ವೇಗವಾಗಿ ಓಡುವುದನ್ನು ಅಮ್ಮ ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

"ಚಿಕ್ಕೋರಿದ್ದಾಗ ಕೈ ಕಟ್ತಿದ್ರಂತಲ್ಲ, ನಿಮ್ಮಮ್ಮನ ಮೇಲೆ ಕೋಪ ಇತ್ತಾ?" ಎಂದು ಅಮ್ಮ ಕೇಳಿದಳು.

ತಮ್ಮ ಅದನ್ನು ಹೇಳಲು ತಡಮಾಡಿದ. ಆಮೇಲೆ ಕೈ ಎತ್ತಿದ. ಅಕ್ಕನ ಉತ್ತರ ಉದ್ದವಿತ್ತು.

"ಇತ್ತಂತೆ" ಎಂದ ತಮ್ಮ. "ತುಂಬ ವರ್ಷ ಇತ್ತಂತೆ. ಆಮೇಲೆ ಅವರಮ್ಮ ಕೈಮಾತು ಕಲಿಯೋಕೆ ಶುರು ಮಾಡಿದ್ರಲ್ಲ, ಆಗ ಮಾತಾಡೋದು ತುಂಬ ಇತ್ತಂತೆ. ಚಿಕ್ಕಂದಿನಿಂದ ಹೇಳದೇ ಇದ್ದಿದ್ದು. ಕೋಪ ಮಾಡ್ಕೊಳಕ್ಕೆ ಟೈಮ್ ಸಿಗ್ಲಿಲ್ಲವಂತೆ."

ಅಮ್ಮ ಅವನನ್ನೇ ನೋಡುತ್ತಿದ್ದಳು. "ನಿಂಗೆ?"

ಈ ಪ್ರಶ್ನೆಯನ್ನು ಯಾರಿಗೂ ದಾಟಿಸಬೇಕಾಗಿರಲಿಲ್ಲ. ತಮ್ಮ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಇದೆ" ಎಂದ. "ಸ್ವಲ್ಪ ಇದೆ."

ಅಮ್ಮ ತಲೆಯಾಡಿಸಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಕೈ ಚಾಚಿ ಅವನ ಮಣಿಕಟ್ಟಿನ ಮೇಲೆ ಇಟ್ಟಳು, ಹಿಡಿಯದೆ, ಸುಮ್ಮನೆ. ಅಕ್ಕ ಎದ್ದು ಕಾಫಿ ಮಾಡಲು ಹೋದರು.

 ಆ ವಾರವೇ ತಮ್ಮನ ಗೆಳೆಯರು ಮನೆಯೊಳಗೆ ಬಂದು ಕೂತರು. ಅಮ್ಮ ಬಾಗಿಲಲ್ಲಿ ನಿಂತು, ಊಟ ಮಾಡಿ ಹೋಗಿ ಎಂದು ಕೈ ಬಾಯಿಗೆ ತೋರಿಸಿ ಕರೆದಳು. ಅವರು ನಕ್ಕು, ಅದನ್ನು ಹೇಗೆ ಮಾಡಬೇಕೆಂದು ತಿದ್ದಿ ತೋರಿಸಿದರು. ಅಮ್ಮನ ಬೆರಳುಗಳಿಗೆ ಸಂಧಿವಾತ. ತಿದ್ದಿದ ಮೇಲೂ ಸರಿಬರಲಿಲ್ಲ.

ಅಕ್ಕ ಎಸ್‌ಎಂಎಸ್‌ಗೆ ಉತ್ತರ ಕೊಡದಿದ್ದದ್ದು ಬೇಸರದಿಂದ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಅವರು ಬರೆಯುತ್ತಿದ್ದರು. ಕಿವುಡರ ಸಂಘವೊಂದು ಹೊರತರುವ ಪುಟ್ಟ ಪತ್ರಿಕೆಯಲ್ಲಿ ತಾಯಿಯ ಬಗ್ಗೆ ಅವರ ಲೇಖನ ಅಚ್ಚಾಯಿತು. ಅದನ್ನು ಮುದ್ರಿಸಿದ್ದು ನನ್ನ ತಮ್ಮ ಕೆಲಸ ಮಾಡುವ ಪ್ರೆಸ್ಸು. ಇನ್ನೂ ಶಾಯಿಯ ವಾಸನೆ ಹೋಗದ ಪ್ರತಿಯನ್ನು ಅವನೇ ತಂದುಕೊಟ್ಟ. ಆಸ್ಪತ್ರೆಯ ವಿಷಯ, ಕಲಿಸು ಎಂದು ಎದುರಿಗೆ ಬಂದು ಕೂತದ್ದು, ಎಲ್ಲವನ್ನೂ ಬರೆದಿದ್ದರು. ತಾಯಿಯ ಹಾಗೆಯೇ ಬರೆಯುತ್ತಿದ್ದರು, ಪಕ್ಕದಲ್ಲಿ ಕೂತು ಹೇಳಿದಂತೆ. ಅದು ಅವರ ಮೊದಲ ಲೇಖನ.

ಎಂಜಿನಿಯರಿಗೆ ಪ್ರತಿ ಕಳಿಸಿದೆ. ಅಷ್ಟು ಸಣ್ಣ ಪತ್ರಿಕೆಯನ್ನು ಆಧಾರ ಎನ್ನಬಹುದೇ ಎಂದು ಅವರಿಗೆ ಅನುಮಾನವಿತ್ತು. ಇನ್ನಿಬ್ಬರು ಸ್ವಯಂಸೇವಕರೊಡನೆ ಚರ್ಚಿಸಿದರು. ಕೊನೆಗೆ 'ಮಗಳ ಪ್ರಕಾರ' ಎಂದು ಸೇರಿಸಿ ಹಾಕಬಹುದು ಎಂದರು. "ನಾನು ಓದ್ದೆ ಮೇಡಂ" ಎಂದು ಫೋನಿನಲ್ಲಿ ಹೇಳಿದರು. "ಆ ಆಸ್ಪತ್ರೆ ವಿಷಯ ನೀವೇ ಬರೀರಿ. ನನ್ ಕೈಲಿ ಆಗಲ್ಲ."

ಮಗಳ ಪ್ರಕಾರ, ಲೇಖಕಿ ತಮ್ಮ ಇಳಿವಯಸ್ಸಿನಲ್ಲಿ ಸನ್ನೆ ಭಾಷೆಯನ್ನು ಕಲಿತರು, ಮತ್ತು ಮಕ್ಕಳ ಸನ್ನೆಯನ್ನು ತಡೆಯಬೇಕೆಂಬ ತಮ್ಮ ಹಿಂದಿನ ಅಭಿಪ್ರಾಯವನ್ನು ಕೈಬಿಟ್ಟರು ಎಂದು ಬರೆದೆ. ರಾಜಾಜಿನಗರದ ಅಕ್ಕ ಅದನ್ನು ಸೈಬರ್ ಕೆಫೆಯೊಂದರಲ್ಲಿ ಓದಿ ನನಗೆ ಎಸ್‌ಎಂಎಸ್ ಮಾಡಿದರು. ಎಲ್ಲ ಸರಿ, ಆದರೆ 'ಕಲಿತರು' ಎನ್ನಬೇಡಿ ಎಂದಿತ್ತು ಅದರಲ್ಲಿ. "ಅಮ್ಮನಿಗೆ ಕೊನೆಯವರೆಗೂ ಸರಿಯಾಗಿ ಬರಲಿಲ್ಲ, ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತಿದ್ದರು, ತೀರಿಹೋಗುವ ಹಿಂದಿನ ವಾರವೂ ನನ್ನ ಹತ್ತಿರ ಪಾಠ ಹೇಳಿಸಿಕೊಂಡರು."

ನಾನು 'ಕಲಿತರು' ಎಂಬುದನ್ನು ತೆಗೆದು 'ಕಲಿಯುತ್ತಿದ್ದರು' ಎಂದು ತಿದ್ದಿದೆ. ಅದು ಇನ್ನೂ ಹಾಗೆಯೇ ಇದೆ.